“ಸ್ಪೆಷಲ್ ಸಾಲಿಗೆ ಹಾಕ್ರಿ” ಅಂದರೆ ಏನು ಮಾಡಬೇಕು? ಅಂಗವಿಕಲ ಮಕ್ಕಳ ಪಾಲಕರಿಗೊಂದು ಮಾರ್ಗದರ್ಶಿ

“ನಮ್ಮಲ್ಲಿ ಇಂಥಾ ಹುಡುಗ್ರಿಗೆ ವ್ಯವಸ್ಥಾ ಇಲ್ರಿ. ಸ್ಪೆಷಲ್ ಸಾಲಿಗೆ ಹಾಕ್ರಿ.”

ಗೋಕಾಕ, ಅಥಣಿ, ರಾಮದುರ್ಗ, ಎಲ್ಲಿಗೆ ಹೋದರೂ ಅಂಗವಿಕಲ ಮಗುವಿನ ಪಾಲಕರಿಗೆ ಜೂನ್ ತಿಂಗಳಲ್ಲಿ ಸಿಗುವ ಉತ್ತರ ಹೆಚ್ಚೂಕಡಿಮೆ ಇದೇ. ಹೇಳುವವರು ಕೆಟ್ಟವರೇನಲ್ಲ. ಎಷ್ಟೋ ಸಲ ಮಗುವಿನ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಹಾಗೆ ಹೇಳಿ ಕಳಿಸುವ ಅಧಿಕಾರ ಯಾವ ಹೆಡ್ ಮಾಸ್ತರರಿಗೂ ಇಲ್ಲ. ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ, ಮೂರಕ್ಕೂ ಇದೇ ಮಾತು.

ಈ “ಇಲ್ಲ” ಯಾವಾಗಲೂ ಬಾಯಲ್ಲೇ ಬರುತ್ತದೆ, ಕಾಗದದ ಮೇಲೆ ಬರುವುದು ಅಪರೂಪ. ನಾವೂ ಬಾಯಲ್ಲೇ ಕೇಳಿ, ಬಾಯಲ್ಲೇ ಉತ್ತರ ಪಡೆದು ಮನೆಗೆ ಬರುತ್ತೇವೆ. ಆಮೇಲೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಕಚೇರಿಗೆ ಹೋದರೆ “ಶಾಲೆಯವರು ಬೇಡ ಅಂದಿದ್ದಕ್ಕೆ ಏನು ದಾಖಲೆ?” ಅನ್ನುತ್ತಾರೆ. ಹಾಗಾಗಿ ಕೆಳಗೆ ಹೇಳಿರುವ ಪ್ರತಿ ಹಂತದಲ್ಲೂ ಒಂದು ಅರ್ಜಿ, ಅದರ ಮೇಲೊಂದು ಸೀಲು ಇರಲೇಬೇಕು.

ಬೆಳಗಾವಿ ಜಿಲ್ಲೆಯನ್ನು ಕಣ್ಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಬಾಗಲಕೋಟೆ, ವಿಜಯಪುರದವರಿಗೂ ದಾರಿ ಇದೇ. ಬೇರೆ ಇರುವ ಕಡೆ ಹೇಳುತ್ತೇನೆ.

ಯಾವುದಕ್ಕೆ ಶೇ 40 ಬೇಕು, ಯಾವುದಕ್ಕೆ ಬೇಡ

ಆಸ್ಪತ್ರೆಯವರು ಪ್ರಮಾಣಪತ್ರದಲ್ಲಿ ಬರೆಯುವ ಅಂಗವೈಕಲ್ಯದ ಪ್ರಮಾಣ ಶೇ 40 ಇರಲೇಬೇಕಾ? ಜಾಸ್ತಿ ಗೊಂದಲ ಇರುವುದು ಇಲ್ಲೇ. ಪಾಲಕರಿಗೂ ಇದೆ, ಕಚೇರಿಯವರಿಗೂ ಇದೆ.

ನಮಗೆ ಬೇಕಾದ ಮುಖ್ಯ ಕಾನೂನು ಅಂಗವಿಕಲರ ಹಕ್ಕುಗಳ ಕಾಯ್ದೆ, 2016. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಣ್ಣು, ಕಿವಿ, ಕೈಕಾಲು ಮಾತ್ರ ಅಂದುಕೊಳ್ಳಬೇಡಿ. ಆಟಿಸಂ, ಬುದ್ಧಿಮಾಂದ್ಯ, ಓದು-ಬರಹ-ಲೆಕ್ಕದಲ್ಲಿ ತೊಡಕಾಗುವ ಕಲಿಕಾ ನ್ಯೂನತೆ, ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕೂಡ ಪಟ್ಟಿಯಲ್ಲಿವೆ.

ಕಾಯ್ದೆಯ ಕಲಂ 16 ಶಾಲೆಯ ಕರ್ತವ್ಯಗಳನ್ನು ಹೇಳುತ್ತದೆ. ಭೇದ ಮಾಡದೆ ಸೇರಿಸಿಕೊಳ್ಳಬೇಕು. ಆಟೋಟಕ್ಕೂ ಉಳಿದ ಮಕ್ಕಳಷ್ಟೇ ಅವಕಾಶ ಕೊಡಬೇಕು. ಕಟ್ಟಡ, ಆವರಣ, ಸೌಲಭ್ಯಗಳು ಮಗುವಿಗೆ ಕೈಗೆಟುಕುವಂತಿರಬೇಕು. ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಓಡಾಟದ ವ್ಯವಸ್ಥೆಯೂ ಇದರಲ್ಲೇ ಬರುತ್ತದೆ. ಹೆಚ್ಚು ನೆರವು ಬೇಕಾದ ಮಗುವಾದರೆ ಜೊತೆಗೆ ಬರುವವರಿಗೂ ವ್ಯವಸ್ಥೆ ಇರಬೇಕು. ಈ ಕಲಮಿನಲ್ಲಿ ಶೇ 40ರ ಮಾತೇ ಇಲ್ಲ. ಅಂದರೆ ಶೇ 25 ಶ್ರವಣದೋಷ ಇರುವ ಹುಡುಗಿಯೂ “ನನ್ನನ್ನು ಮೊದಲ ಬೆಂಚಿನಲ್ಲಿ ಕೂರಿಸಿ, ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ” ಎಂದು ಹಕ್ಕಿನಿಂದ ಕೇಳಬಹುದು.

ಶೇ 40 ಅಥವಾ ಹೆಚ್ಚು ಇರಬೇಕಾದದ್ದು ಇವಕ್ಕೆ: 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ (ಕಲಂ 31), 18 ವರ್ಷದವರೆಗೆ ಉಚಿತ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಸಲಕರಣೆ (ಕಲಂ 17), ಕಾಲೇಜಿನಲ್ಲಿ ಶೇ 5 ಸೀಟು (ಕಲಂ 32), ವಿದ್ಯಾರ್ಥಿವೇತನ.

ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 14 ವರ್ಷಕ್ಕೆ ನಿಲ್ಲುತ್ತದೆ. ಕಲಂ 31 ಅದನ್ನು 18ರವರೆಗೆ ಎಳೆಯುತ್ತದೆ. ಹೈಸ್ಕೂಲು ಮತ್ತು ಪಿಯುಸಿ ಹೊತ್ತಿಗೆ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಆದರೆ ಕೇಳುವವರೇ ಕಡಿಮೆ.

ಪ್ರಮಾಣಪತ್ರ: ಶಾಲೆಗೆ ಸೇರಿಸಿದ ಮೇಲೂ ಮಾಡಿಸಬಹುದು

“ಮೊದಲು ಯುಡಿಐಡಿ ಕಾರ್ಡ್ ತನ್ನಿ, ಆಮೇಲೆ ದಾಖಲಾತಿ” ಎಂದರೆ ಒಪ್ಪಬೇಡಿ. ಯುಡಿಐಡಿ ಅಂದರೆ ಅಂಗವೈಕಲ್ಯದ ಗುರುತಿನ ಕಾರ್ಡು. ದಾಖಲಾತಿಗೆ ಅದು ಷರತ್ತಲ್ಲ. ಆದರೂ ಬೇಗ ಮಾಡಿಸಿಡಿ, ಮುಂದೆ ಎಲ್ಲ ಕಡೆ ಕೇಳುತ್ತಾರೆ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ. ಇವರಲ್ಲಿ ಬಹುತೇಕರು ಸ್ವತಃ ಅಂಗವಿಕಲರು. ಆಸ್ಪತ್ರೆಯಲ್ಲಿ ಯಾವ ವಾರ ಯಾವ ಡಾಕ್ಟರು ಸಿಗುತ್ತಾರೆ ಎಂಬುದು ಇವರಿಗೆ ಗೊತ್ತಿರುವಷ್ಟು ಯಾವ ವೆಬ್‌ಸೈಟಿಗೂ ಗೊತ್ತಿರುವುದಿಲ್ಲ. ಮೊದಲು ಇವರನ್ನು ಹಿಡಿಯಿರಿ.

ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲಿನಲ್ಲಿ. ಆಧಾರ್, ಫೋಟೊ, ಹಳೆಯ ಆಸ್ಪತ್ರೆ ಚೀಟಿಗಳು ಬೇಕು. ಆಮೇಲೆ ಮಗುವನ್ನು ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕು. ಕೈಕಾಲಿನ ತೊಂದರೆಯಾದರೆ ಎಷ್ಟೋ ಸಲ ತಾಲ್ಲೂಕು ಆಸ್ಪತ್ರೆಯಲ್ಲೇ ಮುಗಿಯುತ್ತದೆ. ಸಣ್ಣ ಮಗುವಿನ ಕಿವಿಗೆ ಬೆರಾ ಪರೀಕ್ಷೆ, ಬುದ್ಧಿಮಟ್ಟದ ಪರೀಕ್ಷೆ ಇಂಥವಕ್ಕೆ ಸಾಮಾನ್ಯವಾಗಿ ಜಿಲ್ಲಾ ಆಸ್ಪತ್ರೆಯೇ ಗತಿ. ಬೆಳಗಾವಿಯಲ್ಲಿ ಅದು ಬಿಮ್ಸ್ ಆಸ್ಪತ್ರೆ. ತಾಯಿ ಕರೆದೊಯ್ಯುವುದಾದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣ ಉಳಿಯುತ್ತದೆ, ಆಧಾರ್ ಮರೆಯಬೇಡಿ.

ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ತೀರಾ ಸಣ್ಣ ಮಕ್ಕಳಿಗೆ ಕೊಡುವುದಿಲ್ಲ. ಸಾಮಾನ್ಯವಾಗಿ ಮೂರನೇ ತರಗತಿ ಅಥವಾ 8 ವರ್ಷದ ಸುಮಾರಿಗೆ ತಪಾಸಣೆ ಶುರು. ಆಸ್ಪತ್ರೆಯವರು ಬರೆದ ಪ್ರಮಾಣ ತೀರಾ ಕಡಿಮೆ ಅನ್ನಿಸಿದರೆ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 59ರಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಆ ವಿಷಯದಲ್ಲಿ ತಡ ಮಾಡಬೇಡಿ.

ಸಣ್ಣದೊಂದು ವಿಷಯ, ಆದರೆ ಮುಂದೆ ಕಾಡುವುದು ಇದೇ: ಆಧಾರ್, ಶಾಲಾ ದಾಖಲೆ, ಯುಡಿಐಡಿ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ ಬಂದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ.

ದಾಖಲಾತಿಗೆ ಅರ್ಜಿ ಹೀಗೆ ಬರೆಯಿರಿ

ವಕೀಲರ ಭಾಷೆ ಬೇಡ. ಒಂದು ಪುಟ ಸಾಕು. ಉದಾಹರಣೆಗೆ, ಐದನೇ ತರಗತಿ ಮಹಡಿಯ ಮೇಲಿರುವ ಶಾಲೆಗೆ ಹೀಗೆ ಬರೆಯಬಹುದು:

*ಮಾನ್ಯ ಮುಖ್ಯೋಪಾಧ್ಯಾಯರಿಗೆ,*
*ವಿಷಯ: ಮಗನ ದಾಖಲಾತಿ ಮತ್ತು ಸೂಕ್ತ ಅನುಕೂಲತೆ ಕುರಿತು.*
*ನನ್ನ ಮಗನಿಗೆ ಎಡಗೈ, ಎಡಗಾಲಿನಲ್ಲಿ ಬಲ ಕಡಿಮೆ ಇದೆ. ಅವನನ್ನು ಈ ವರ್ಷ ಐದನೇ ತರಗತಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಕಲಂ 16ರ ಪ್ರಕಾರ ಅವನಿಗೆ ಈ ಅನುಕೂಲಗಳು ಬೇಕು: ಐದನೇ ತರಗತಿಯನ್ನು ಕೆಳಗಿನ ಕೋಣೆಯಲ್ಲಿ ನಡೆಸುವುದು, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಪೈಪ್ ಹಾಕಿಸುವುದು, ಕಿರುಪರೀಕ್ಷೆಗಳಲ್ಲಿ ಬರೆಯಲು ಹೆಚ್ಚಿನ ಸಮಯ. ದಾಖಲಾತಿ ಅಥವಾ ಇವುಗಳಲ್ಲಿ ಯಾವುದಾದರೂ ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.*

ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. “ಆಗುವುದಿಲ್ಲ” ಎಂದು ಸಹಿ ಹಾಕಿ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಏನು ಕೇಳಬಹುದು ಎಂಬುದಕ್ಕೂ ಒಂದು ಅಳತೆ ಇದೆ. ಶಾಲೆಗೆ ಮೀರಿದ ಹೊರೆ ಆಗಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಲಿಫ್ಟ್ ಹಾಕಿಸಿ ಅಂದರೆ ಸಣ್ಣ ಶಾಲೆ ಇದೇ ಮಾತು ಹಿಡಿದು ತಪ್ಪಿಸಿಕೊಳ್ಳಬಹುದು. ತರಗತಿಯನ್ನೇ ಕೆಳಗೆ ತನ್ನಿ ಅಂದರೆ ಖರ್ಚೇ ಇಲ್ಲವಲ್ಲ, ಏನು ನೆಪ ಹೇಳುತ್ತಾರೆ?

ಖಾಸಗಿ ಶಾಲೆಯವರು “ಮಗುವಿಗೊಂದು ಟೆಸ್ಟ್ ಮಾಡಿ ನೋಡ್ತೀವಿ” ಅಂದರೆ ಆರ್‌ಟಿಇ ಕಲಂ 13 ನೆನಪಿಸಿ. ದಾಖಲಾತಿಗೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆಗೆ ಒಡ್ಡುವಂತಿಲ್ಲ. ಮೊದಲ ಸಲಕ್ಕೆ ₹25,000, ಮತ್ತೆ ಮಾಡಿದರೆ ಪ್ರತಿ ಸಲ ₹50,000 ತನಕ ದಂಡ ಇದೆ.

ಇನ್ನು ಗೃಹಾಧಾರಿತ ಶಿಕ್ಷಣ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಪಾಠ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಅದು ನಿಮ್ಮ ಆಯ್ಕೆ, ಶಾಲೆಯದ್ದಲ್ಲ. ನನಗೆ ಕಂಡಂತೆ ಇದನ್ನು ಫೈಲ್ ಮುಚ್ಚುವ ಸುಲಭದ ದಾರಿ ಮಾಡಿಕೊಂಡವರೂ ಇದ್ದಾರೆ. ವಾರಕ್ಕೊಮ್ಮೆ ಶಿಕ್ಷಕರು ಬಂದು ಅರ್ಧ ತಾಸು ಕೂತು ಹೋದರೆ ಅದು ಶಿಕ್ಷಣ ಆಗುತ್ತದಾ? ಮಗು ಕೂರಬಲ್ಲದು, ಜನರ ನಡುವೆ ಖುಷಿಯಾಗಿರುತ್ತದೆ ಅಂದರೆ ಶಾಲೆಗೇ ಕಳಿಸಿ.

ಸೇರಿಸಿದ ಮೇಲೆ ನೋಡಬೇಕಾದದ್ದು

ಮೊದಲನೇದು ಎಸ್‌ಎಟಿಎಸ್. ಶಾಲೆಯ ಆನ್‌ಲೈನ್ ದಾಖಲೆಯಲ್ಲಿ ನಿಮ್ಮ ಮಗುವಿನ ಹೆಸರಿನ ಮುಂದೆ ‘ಸಿಡಬ್ಲ್ಯೂಎಸ್‌ಎನ್’, ಅಂದರೆ ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಾಗಿದೆಯೇ ಕೇಳಿ. ಇಲ್ಲದಿದ್ದರೆ ಇಲಾಖೆಯ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಅಂಗವೈಕಲ್ಯವೇ ಇಲ್ಲ. ತಪಾಸಣಾ ಶಿಬಿರದ ಪಟ್ಟಿಯಲ್ಲಿ ಹೆಸರು ಬರುವುದು ಕಷ್ಟ, ಸಲಕರಣೆಯೂ ಕಷ್ಟ.

ಎರಡನೇದು ಬಿಐಇಆರ್‌ಟಿ. ಪ್ರತಿ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಅಂಗವಿಕಲ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಇವರು. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ವೈದ್ಯಕೀಯ ಶಿಬಿರ, ಗಾಲಿಕುರ್ಚಿ, ಶ್ರವಣಯಂತ್ರ, ಬ್ರೈಲ್ ಸಾಮಗ್ರಿ, ಓಡಾಟದ ಭತ್ಯೆ, ಬೆಂಗಾವಲು ಭತ್ಯೆ ಇವೆಲ್ಲದರ ಕಾಗದ ಇವರ ಮೇಜಿನ ಮೇಲೇ ಹೋಗುತ್ತದೆ. ಅಂಗವಿಕಲ ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200ರಂತೆ 10 ತಿಂಗಳ ಸ್ಟೈಪೆಂಡ್ ಕೂಡ ಈ ಯೋಜನೆಯಲ್ಲಿದೆ. ದೊಡ್ಡ ದುಡ್ಡಲ್ಲ ನಿಜ, ಆದರೂ ಯಾಕೆ ಬಿಡಬೇಕು?

ಮೂರನೇದು ಇಳಿಜಾರು ಮತ್ತು ಶೌಚಾಲಯ. ಇದನ್ನು ನೀವೇ ಹೋಗಿ ನೋಡಬೇಕು. “ರ‍್ಯಾಂಪ್ ಐತ್ರಿ” ಅಂದರೆ ಸಾಲದು. ನಿಯಮದ ಪ್ರಕಾರ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇರಬೇಕು. ಮೂರು ಮೆಟ್ಟಿಲಿನ ಕಟ್ಟೆ ಸುಮಾರು ಒಂದೂವರೆ ಅಡಿ ಅಂದರೆ 18 ಅಡಿ ಉದ್ದ ಬೇಕು. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ನಾಲ್ಕೈದು ಅಡಿಯಲ್ಲೇ ಮುಗಿಸಿರುತ್ತಾರೆ. ಅದು ಮಾಸ್ತರರ ಬೈಕ್ ಹತ್ತಿಸಲು ಚೆನ್ನಾಗಿದೆ. ಗಾಲಿಕುರ್ಚಿಯಲ್ಲಿ ಮಗು ತಾನೇ ಹತ್ತಲಾರದು, ಇಳಿಯುವಾಗಂತೂ ಮುಗ್ಗರಿಸುವುದು ಖಂಡಿತ. ಪಕ್ಕದಲ್ಲಿ ಕಂಬಿ ಇದೆಯೇ ನೋಡಿ. ಅಂಗವಿಕಲರ ಶೌಚಾಲಯ ಎಂದು ಬರೆದ ಬಾಗಿಲು ತೆಗೆಸಿ ನೋಡಿ. ಒಳಗೆ ಬಿಸಿಯೂಟದ ಖಾಲಿ ಚೀಲ, ಮುರಿದ ಬೆಂಚು ಒಟ್ಟಿರಬಹುದು. ಇಲ್ಲವೇ ಬೀಗದ ಕೈ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಶೌಚಾಲಯಕ್ಕೆ ಹೋಗಬೇಕಾದೀತು ಎಂದು ನೀರೇ ಕುಡಿಯದೆ ಸಂಜೆತನಕ ಕೂರುವ ಹುಡುಗಿಯರಿದ್ದಾರೆ. ಕಾಯ್ದೆ ಮುರಿಯುವುದು ಅಂದರೆ ಹೀಗೇ, ಯಾರಿಗೂ ಕಾಣದ ಹಾಗೆ.

ಫೋಟೊ ತೆಗೆದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಡಿ, ನಡಾವಳಿಯಲ್ಲಿ ಬರೆಸಿ. ದುಡ್ಡಿಲ್ಲ ಅಂದರೆ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಮೀಸಲಿಡುವ ಶೇ 5ರ ನಿಧಿಯ ಬಗ್ಗೆ ಪಿಡಿಒ ಅವರಿಗೆ ಒಂದು ಅರ್ಜಿ ಕೊಡಿ.

ದೃಷ್ಟಿ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ಶಿಕ್ಷಕರಿಗೆ ಹೇಳಲೇಬೇಕಾದ ಮಾತೊಂದಿದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸನ್ನು, ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳಾದ ಫೋನಿನ ಟಾಕ್‌ಬ್ಯಾಕ್ ಆಗಲಿ, ಕಂಪ್ಯೂಟರಿನ ಎನ್‌ವಿಡಿಎ ಆಗಲಿ ಓದುವುದಿಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಕಿವಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ, ಏಕೆಂದರೆ ಆ ಫಾಂಟಿನ ಒಳಗಿರುವುದು ಅದೇ. ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ತಟ್ಟನೆ ಓದುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ನೋಟ್ಸಿನ ಫೋಟೊ ಹಾಕುವುದೂ ಅಷ್ಟೇ, ಕುರುಡು ಮಗುವಿಗೆ ಅದು ಖಾಲಿ ಹಾಳೆ. “ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿದರೆ ಕಾಪಿರೈಟ್ ತೊಂದರೆ ಬರುತ್ತದಾ?” ಎಂದು ಕೆಲವರು ಹೆದರುತ್ತಾರೆ. ಇಲ್ಲ. ಅಂಗವಿಕಲರ ಓದಿಗಾಗಿ ಹೀಗೆ ಮಾಡಲು 2012ರಲ್ಲಿ ಕಾಪಿರೈಟ್ ಕಾಯ್ದೆಗೇ ತಿದ್ದುಪಡಿ ತಂದಿದ್ದಾರೆ.

ಪರೀಕ್ಷೆ: ಫೆಬ್ರುವರಿವರೆಗೆ ಕಾಯಬೇಡಿ

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ರಿಯಾಯಿತಿಗಳನ್ನೂ ಕೇಳಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಎಲ್ಲರೂ “ಈಗ ಹೇಳ್ತೀರಲ್ರಿ” ಅನ್ನುತ್ತಾರೆ.

ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. 3 ಗಂಟೆಯ ಪರೀಕ್ಷೆಗೆ 1 ಗಂಟೆ. ಲಿಪಿಕಾರರನ್ನು, ಅಂದರೆ ಬರೆದುಕೊಡುವವರನ್ನು, ತೆಗೆದುಕೊಳ್ಳದಿದ್ದರೂ ಈ ಸಮಯ ಸಿಗಬೇಕು. ಲಿಪಿಕಾರರನ್ನು ನೀವೇ ಕರೆತರಬಹುದೇ, ಮಂಡಳಿಯೇ ಕೊಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನೀವೇ ಕರೆತಂದರೆ ಅವರ ಓದು ನಿಮ್ಮ ಮಗುವಿಗಿಂತ ಕೆಳಗಿರಬೇಕು, ಎಷ್ಟು ಕೆಳಗೆ ಎಂಬುದನ್ನೂ ಕೇಳಿಕೊಳ್ಳಿ. ಹತ್ತನೇ ತರಗತಿಯವನಿಗೆ ಕೆಳಗಿನ ತರಗತಿಯ ಹುಡುಗನನ್ನು ಈಗಲೇ ಗೊತ್ತು ಮಾಡಿ, ಇಬ್ಬರನ್ನೂ ಕೂರಿಸಿ ಕೆಲವು ಹಳೆಯ ಪ್ರಶ್ನೆಪತ್ರಿಕೆ ಬರೆಸಿ. ಲೆಕ್ಕ, ಚಿತ್ರ ಇವನ್ನೆಲ್ಲ ಬಾಯಲ್ಲಿ ಹೇಳಿ ಬರೆಸುವುದೇ ಬೇರೆ ಅಭ್ಯಾಸ. ಮೊದಲ ಸಲ ಪರೀಕ್ಷಾ ಕೋಣೆಯಲ್ಲೇ ಮಾಡಿದರೆ ಆ ಹೆಚ್ಚುವರಿ ಗಂಟೆ ಗೊಂದಲದಲ್ಲೇ ಹೋಗುತ್ತದೆ.

ಶೇ 40 ಇಲ್ಲದವರಿಗೆ ಲಿಪಿಕಾರರು ಇಲ್ಲ ಅನ್ನುವವರಿಗೆ ವಿಕಾಸ್ ಕುಮಾರ್ ಪ್ರಕರಣ ತೋರಿಸಿ. ರೈಟರ್ಸ್ ಕ್ರ್ಯಾಂಪ್ ಇದ್ದ ಯುಪಿಎಸ್‌ಸಿ ಅಭ್ಯರ್ಥಿಯ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ಲಿಪಿಕಾರರ ಸೌಲಭ್ಯಕ್ಕೆ ಶೇ 40ರ ಗೆರೆ ಎಳೆಯುವಂತಿಲ್ಲ ಎಂದಿತು. ಬರೆಯಲು ತೊಂದರೆ ಇದೆ ಎಂಬ ವೈದ್ಯಕೀಯ ದಾಖಲೆ ಮಾತ್ರ ಬೇಕು.

ಅದೇ ವರ್ಷ ನವೆಂಬರಿನಲ್ಲಿ ಅವನಿ ಪ್ರಕಾಶ್ ಪ್ರಕರಣದ ತೀರ್ಪು ಬಂತು. ಬರವಣಿಗೆಯ ತೊಂದರೆ ಇದ್ದ ವಿದ್ಯಾರ್ಥಿನಿಗೆ ನೀಟ್ ಕೇಂದ್ರದಲ್ಲಿ ಹೆಚ್ಚುವರಿ ಒಂದು ಗಂಟೆ ಕೊಡದೆ ಉತ್ತರಪತ್ರಿಕೆ ಕಸಿದುಕೊಂಡಿದ್ದರು. ಕೋರ್ಟ್ ಅದನ್ನು ಅನ್ಯಾಯ ಎಂದೇ ಹೇಳಿತು, ಸರಿಪಡಿಸಲು ಏನು ಮಾಡಬಹುದು ನೋಡಿ ಎಂದು ಸೂಚಿಸಿತು. ಆದರೆ ಮರುಪರೀಕ್ಷೆ ಕೊಡಲಿಲ್ಲ. ಕೇಸು ಗೆದ್ದರೂ ಹೋದ ಗಂಟೆ ವಾಪಸ್ ಬರುವುದಿಲ್ಲ, ಅಲ್ವಾ? ಆದ್ದರಿಂದ ಮಂಜೂರಾತಿ ಆದೇಶದ ಎರಡು ಪ್ರತಿ ಮಗುವಿನ ಜೊತೆ ಇರಲಿ. ಪರೀಕ್ಷೆಯ ಹಿಂದಿನ ದಿನವೇ ಕೇಂದ್ರಕ್ಕೆ ಹೋಗಿ ಮುಖ್ಯ ಅಧೀಕ್ಷಕರಿಗೆ ಒಂದು ತೋರಿಸಿ, ಕೋಣೆ ಕೆಳಗಿದೆಯೇ ಎಂದೂ ನೋಡಿಕೊಳ್ಳಿ.

ಭಾಷೆಗಳ ವಿಷಯ ನಮ್ಮ ಗಡಿ ತಾಲ್ಲೂಕುಗಳಿಗೆ ಹೆಚ್ಚು ಮುಖ್ಯ. ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ ಶಾಲೆಗೆ ಹೋಗುವ ಕಿವುಡ ಮಗು ಮರಾಠಿ, ಕನ್ನಡ, ಇಂಗ್ಲಿಷ್ ಮೂರರ ಜೊತೆ ಒದ್ದಾಡುತ್ತಿರುತ್ತದೆ. ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯನ್ನು ಕಲಂ 17 ಹೆಸರು ಹೇಳಿಯೇ ಬರೆದಿದೆ. ಎಂಟನೇ ತರಗತಿಯಲ್ಲೇ ಕೇಳಿ.

ದುಡ್ಡು ಮತ್ತು ಕಾಲೇಜು

ಒಂದನೇ ತರಗತಿಯಿಂದಲೇ ವಿಕಲಚೇತನರ ಇಲಾಖೆಯ ವಿದ್ಯಾರ್ಥಿವೇತನ ಇದೆ. ಕೇಂದ್ರದ್ದು 9 ಮತ್ತು 10ಕ್ಕೆ ಪ್ರಿ-ಮೆಟ್ರಿಕ್, ಆಮೇಲೆ ಪೋಸ್ಟ್-ಮೆಟ್ರಿಕ್. ಇವೆರಡಕ್ಕೂ ಮನೆಯ ವಾರ್ಷಿಕ ಆದಾಯ ₹2.5 ಲಕ್ಷದ ಒಳಗಿರಬೇಕು, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ.

ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಡಿಯ ಇಂಥ ಕಾಲೇಜುಗಳಿಗೂ ಇದು ಅನ್ವಯ. ಮೆಡಿಕಲ್ ಓದುವ ಆಸೆ ಇರುವವರಿಗೆ: ಶೇ 40 ದಾಟಿದೆ ಎಂಬ ಒಂದೇ ಕಾರಣಕ್ಕೆ ಅನರ್ಹ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದೆ.

ಕೊಡದಿದ್ದರೆ ಯಾರ ಬಾಗಿಲು ತಟ್ಟಬೇಕು

ಮೊದಲು ಬಿಇಒ, ಆಮೇಲೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಬೆಳಗಾವಿ ಜಿಲ್ಲೆಯಲ್ಲಿ ಇಲ್ಲೊಂದು ತಿರುವಿದೆ. ಕಂದಾಯ ಜಿಲ್ಲೆ ಒಂದೇ, ಶೈಕ್ಷಣಿಕ ಜಿಲ್ಲೆ ಎರಡು. ಅಥಣಿ, ರಾಯಬಾಗ, ನಿಪ್ಪಾಣಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರು ಚಿಕ್ಕೋಡಿಯ ಡಿಡಿಪಿಐ ಕಚೇರಿಗೆ ಹೋಗಬೇಕು. ಖಾನಾಪುರ, ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ಬೆಳಗಾವಿಗೆ. ಗೋಕಾಕದಿಂದ ಬೆಳಗಾವಿಗೆ ಹೋಗಿ ಸುಮ್ನೆ ಒಂದು ದಿನ ಕಳೆದುಕೊಳ್ಳಬೇಡಿ. ಅಂಗವಿಕಲ ಮಕ್ಕಳ ದಾಖಲಾತಿ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಅಂಗವಿಕಲರ ಹಕ್ಕುಗಳ 2017ರ ನಿಯಮಗಳು ಹೇಳುತ್ತವೆ. ಹೋದ ಕೂಡಲೇ “ನೋಡಲ್ ಅಧಿಕಾರಿ ಯಾರ್ರಿ ಸರ್?” ಎಂದು ಕೇಳಿ.

ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲಿ ದೂರು ಕಳಿಸಿ. ಖುದ್ದು ಹೋಗಬೇಕಿಲ್ಲ. ಸೀಲು ಬಿದ್ದ ಅರ್ಜಿಗಳ ನಕಲು ಜೊತೆಗಿಡಿ. ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಆಯುಕ್ತರಿಗಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು 3 ತಿಂಗಳೊಳಗೆ ಏನು ಮಾಡಿದೆವು ಎಂದು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಕಾಯ್ದೆ ಮುರಿದವರಿಗೆ ಮೊದಲ ಸಲ ₹10,000 ತನಕ, ಮತ್ತೆ ಮುರಿದರೆ ₹50,000ದಿಂದ ₹5 ಲಕ್ಷದವರೆಗೆ ದಂಡ ಎಂದು ಕಲಂ 89 ಹೇಳುತ್ತದೆ. ಮಗುವಿಗೆ ಹೊಡೆತ, ಹೀಯಾಳಿಕೆ ಇದ್ದರೆ ಕಾಯಬೇಡಿ, 1098ಕ್ಕೆ ಫೋನ್ ಮಾಡಿ.

ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಸಾಕು. ಶುಲ್ಕ ₹10, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. “ನನ್ನ ಇಂಥ ತಾರೀಕಿನ ಅರ್ಜಿ ಮೇಲೆ ಯಾರು, ಯಾವ ದಿನ, ಏನು ಕ್ರಮ ತೆಗೆದುಕೊಂಡರು? ಟಿಪ್ಪಣಿ ಹಾಳೆಯ ನಕಲು ಕೊಡಿ.” ಇಷ್ಟೇ ಬರೆಯಿರಿ. ಎಷ್ಟೋ ಫೈಲುಗಳು ಈ ಒಂದು ಪ್ರಶ್ನೆಗೇ ಎದ್ದು ಓಡುತ್ತವೆ.

ಕೋರ್ಟಿಗೆ ಹೋಗಲೇಬೇಕಾದರೆ ವಕೀಲರ ಫೀಸಿಗೆ ಹೆದರಬೇಡಿ. ಅಂಗವಿಕಲರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೈಕೋರ್ಟ್ ಮಟ್ಟದ ವಿಷಯವಾದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ. ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು.